ಮಳೆಗಾಲದ ಉಗ್ರಾಣ, ಮಿಷಿಗನ್ನಿನ ಚಳಿಗಾಲ

ಪರದೇಶಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಬಟ್ಟೆಗೆ ಜಾಗ ಸಿಗುವುದು ಎಲ್ಲಕ್ಕಿಂತ ಕೊನೆಗೆ. ಧಾರವಾಡದ ಕಡೆಯವರಾದರೆ ಮೊದಲು ಕೂರುವುದು ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ. ಮೈಸೂರು ಕಡೆಯವರಾದರೆ ಪುಳಿಯೋಗರೆ ಗೊಜ್ಜು, ಹುರಿಹಿಟ್ಟು, ಕೋಡುಬಳೆ. ಮಂಗಳೂರಿನವರಾದರೆ ಪುನರ್ಪುಳಿ, ಕುಚ್ಚಲಕ್ಕಿ. ಯಾವ ಊರಿನವರೆಂದು ಕೇಳಬೇಕಿಲ್ಲ, ಪೆಟ್ಟಿಗೆ ತೆರೆದರೆ ಸಾಕು. ನಮ್ಮದು ಸಿದ್ದಾಪುರದ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. 1994ರ ಆಗಸ್ಟ್‌ನಲ್ಲಿ ಎಂಜಿನಿಯರಿಂಗ್ ಓದಲು ಅಮೆರಿಕದ ಮಿಷಿಗನ್‌ಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿದ್ದದ್ದು ಅಪ್ಪೆಮಿಡಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಒಣಗಿಸಿದ ಮುರುಗಲು ಸಿಪ್ಪೆ, ಮಜ್ಜಿಗೆ ಮೆಣಸು, ಒಂದು ಡಬ್ಬಿ ತೊಡೆದೇವು.

ಆಗ ಅಮೆರಿಕಕ್ಕೆ ಹೋಗುವವರಿಗೆ ತಲೆಗೆ ಎರಡು ಪೆಟ್ಟಿಗೆ, ಒಂದೊಂದಕ್ಕೆ 32 ಕೆ.ಜಿ. 23 ಕೆ.ಜಿ.ಯ ಮಿತಿಗೆ ಒಗ್ಗಿದ ಈಗಿನವರಿಗೆ ಅದು ಧಾರಾಳವೆಂದೇ ಕಾಣಬಹುದು. ನಮ್ಮಲ್ಲಿ ಪೆಟ್ಟಿಗೆ ತೂಗಿದ್ದು ಅಡಿಕೆ ತೂಗುವ ಕಾಟಾದಲ್ಲಿ. ಮೊದಲೇ ಹೋಗಿದ್ದ ಸೀನಿಯರ್ ಒಬ್ಬರು ಕಳಿಸಿದ ಪಟ್ಟಿ ನನ್ನ ಕೈಯಲ್ಲಿತ್ತು: ಪ್ರೆಶರ್ ಕುಕ್ಕರ್, ಹೆಚ್ಚುವರಿ ಗ್ಯಾಸ್ಕೆಟ್, ಇನ್ನೊಂದು ಜೊತೆ ಕನ್ನಡಕ, ಪಠ್ಯಪುಸ್ತಕಗಳು. ಆಯಿಯ, ಅಂದರೆ ಅಮ್ಮನ, ಪಟ್ಟಿ ಕಾಗದದ ಮೇಲಿರಲಿಲ್ಲ. ಉಗ್ರಾಣದ ಕಡೆ ಹೋಗಿ ಬಂದಾಗಲೆಲ್ಲ ಕೈಯಲ್ಲಿ ಏನಾದರೊಂದು ಪೊಟ್ಟಣ ಇರುತ್ತಿತ್ತು. “ತಮಾ, ಇದೊಂದು ಇಟ್ಗ, ಭಾರ ಎಂತೂ ಇಲ್ಲೆ.” ಹೀಗೆ ಭಾರವಿಲ್ಲದವೇ ಎಲ್ಲ ಸೇರಿ ಕಾಟಾದ ಮುಳ್ಳು 36ರ ಗೆರೆ ಮುಟ್ಟಿತು. ಅಪ್ಪ ತೂಕದ ವಿಷಯದಲ್ಲಿ ಅಡಿಕೆ ಮಂಡಿಯವರಿಗೂ ಸೋಲುವವರಲ್ಲ. ಏನು ತೆಗೆಯುವುದು ಎಂಬ ಚರ್ಚೆ ರಾತ್ರಿ ಊಟದವರೆಗೆ ನಡೆದು, ಕೊನೆಗೆ ಹೊರಬಿದ್ದದ್ದು ಪುಸ್ತಕಗಳು ಮತ್ತು ಹುಬ್ಬಳ್ಳಿಯಲ್ಲಿ ಕೊಂಡ ಉಣ್ಣೆಯ ಕೋಟು. ಕೋಟನ್ನು ಮೈಮೇಲೆ ಹಾಕಿಕೊಂಡೇ ಹೋದರಾಯಿತೆಂದು ತೀರ್ಮಾನವಾಯಿತು. ಬೊಂಬಾಯಿಯ ಆಗಸ್ಟ್ ಸೆಕೆಯಲ್ಲಿ ನಾನು ಆ ಕೋಟು ತೊಟ್ಟು ವಿಮಾನ ಹತ್ತಿದೆ. ಒಂದೇ ಒಂದು ಮಿಡಿಯೂ ಮನೆಯಲ್ಲಿ ಉಳಿಯಲಿಲ್ಲ.

ನಾನು ಹೊರಟದ್ದು ಮಳೆಗಾಲದ ನಡುವೆ. ಅದರಿಂದಾಗಿಯೇ ಪೆಟ್ಟಿಗೆ ಅಷ್ಟು ಭಾರವಾಯಿತು ಎಂದು ಈಗ ಅನ್ನಿಸುತ್ತದೆ. ಜನವರಿಯಲ್ಲಿ ಹೊರಟಿದ್ದರೆ ಉಗ್ರಾಣ ಅರ್ಧ ಖಾಲಿ ಇರುತ್ತಿತ್ತು. ಘಟ್ಟದ ಮೇಲಿನ ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವ ಮಾತಿಲ್ಲ. ಆಗೆಲ್ಲ ಹಳ್ಳ ಏರಿ ಸಂಕ ಮುಳುಗಿದರೆ ಪೇಟೆ ದೂರವಾಗುತ್ತಿತ್ತು, ತರಕಾರಿ ಎಂಬುದು ಹಿತ್ತಲಿನ ಕೆಸುವಿನ ಸೊಪ್ಪಿಗೆ, ಮಾಡಿಗೆ ಕಟ್ಟಿ ತೂಗುಹಾಕಿದ ಮಗೆಕಾಯಿಗೆ ಇಳಿಯುತ್ತಿತ್ತು. ಆ ನಾಲ್ಕು ತಿಂಗಳ ಊಟಕ್ಕಾಗಿ ಮನೆಯ ಹೆಂಗಸರು ಫೆಬ್ರವರಿಯಿಂದ ಮೇ ತನಕ ದುಡಿಯುತ್ತಿದ್ದರು. ಉಪ್ಪು, ಬಿಸಿಲು, ಹೊಗೆ, ಹುಳಿ ಈ ನಾಲ್ಕರಲ್ಲಿ ಯಾವುದರಿಂದ ಯಾವುದು ಉಳಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಮಿಡಿಯ ಕೆಲಸ ಎಲ್ಲಕ್ಕಿಂತ ನಾಜೂಕು. ಅಪ್ಪೆಮಿಡಿಯ ಮರಗಳು ತೋಟದ ಬೆಳೆಯಲ್ಲ. ಅಘನಾಶಿನಿ, ಶರಾವತಿ, ವರದೆಯಂಥ ಹೊಳೆಗಳ ದಂಡೆಯಲ್ಲಿ ತಾವಾಗಿಯೇ ಬೆಳೆದು ಆಕಾಶಕ್ಕೆ ಏರಿದಂಥವು. ಕೊಯ್ಯುವವನು ಮರ ಹತ್ತಿ ತೊಟ್ಟು ಸಮೇತ ಗೊಂಚಲು ಮುರಿದು, ಕೊಕ್ಕೆಗೆ ಕಟ್ಟಿದ ಚೀಲದಲ್ಲಿ ಕೆಳಗಿಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಬಾರದು, ಪೆಟ್ಟು ಬಿದ್ದಲ್ಲಿ ಕೊಳೆತು ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟು ಕಿತ್ತುಹೋದರೆ ಸೊನೆ ಸೋರಿಹೋಗುತ್ತದೆ. ಮಿಡಿಯ ಪರಿಮಳವೂ ಬಾಳಿಕೆಯೂ ಇರುವುದು ಆ ಸೊನೆಯಲ್ಲಿ. ಆಯಿ ಒಂದು ಮಿಡಿ ಮುರಿದು, ತೊಟ್ಟಿನಲ್ಲಿ ಒಸರಿದ ಸೊನೆಯನ್ನು ಮೂಸಿಯೇ ಮರ ಯಾವುದೆಂದು ಹೇಳುತ್ತಿದ್ದಳು. ಜೀರಿಗೆಯ ವಾಸನೆಯದ್ದು ಒಂದು, ಕರ್ಪೂರದ ವಾಸನೆಯದ್ದು ಇನ್ನೊಂದು. ಭರಣಿಯಲ್ಲಿ ಕಲ್ಲುಪ್ಪು ಒಂದು ಪದರ, ಮಿಡಿ ಒಂದು ಪದರ. ತಾನಾಗಿಯೇ ನೀರು ಬಿಟ್ಟುಕೊಂಡು ಮಿಡಿ ಸುಕ್ಕುಗಟ್ಟುವವರೆಗೆ ಕಾಯಬೇಕು. ಮಿಡಿ ಸರಿಯಾಗಿ ಚಿರುಟಿದ ಮೇಲೆಯೇ ಸಾಸಿವೆ, ಮೆಣಸಿನ ಖಾರ ಬೀಸಿ ಹಾಕುವುದು. ನಮ್ಮ ಕಡೆಯ ಈ ಉಪ್ಪಿನಕಾಯಿಗೆ ಎಣ್ಣೆಯ ಹಂಗಿಲ್ಲ.

ಹಲಸಿನ ಹಪ್ಪಳದ್ದು ಊರೊಟ್ಟಿನ ಕೆಲಸ. ಬಲಿತ, ಆದರೆ ಹಣ್ಣಾಗದ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿದ ಹಿಟ್ಟನ್ನು ಉಂಡೆ ಮಾಡಿ ಎರಡು ಮಣೆಗಳ ನಡುವೆ ಒತ್ತುವುದು. ಒತ್ತಲು ಒಬ್ಬರು, ಚಾಪೆಯ ಮೇಲೆ ಹರವಲು ಇನ್ನೊಬ್ಬರು, ಕಾಗೆ ಓಡಿಸಲು ಮಕ್ಕಳು. ಸಂಜೆ ಮೋಡ ಕಟ್ಟಿದರೆ ಚಾಪೆ ಸಮೇತ ಒಳಗೆ ಓಟ. ಜೋನಿ ಬೆಲ್ಲ ಆಲೆಮನೆಯಿಂದ ಡಬ್ಬಿಯಲ್ಲಿ ಬರುತ್ತಿತ್ತು. ಅಚ್ಚಿಗೆ ಹಾಕುವ ಮೊದಲೇ, ಇನ್ನೂ ಹರಿಯುವ ಪಾಕದಲ್ಲಿ ಇಳಿಸಿದ ಬೆಲ್ಲ ಅದು. ನೀರಿನ ಅಂಶ ಹೆಚ್ಚಿದ್ದರೆ ಹುಳಿತು ಉಬ್ಬುತ್ತದೆ, ಮುಚ್ಚಳ ಹಾರಿಸುತ್ತದೆ. ನನಗೆ ಕೊಡುವ ಬೆಲ್ಲವನ್ನು ಆಯಿ ಮತ್ತೊಮ್ಮೆ ಒಲೆಗಿಟ್ಟು ಗಟ್ಟಿ ಮಾಡಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿದಳು. ಮುಚ್ಚಳದ ಸುತ್ತ ಮೇಣದಬತ್ತಿಯ ಮೇಣ ಸುರಿದು, ಬಾಟಲಿಗೆ ಹಳೆಯ ಪಂಚೆ ಸುತ್ತಿ, ಕುಕ್ಕರಿನ ಹೊಟ್ಟೆಯೊಳಗೆ ಕೂರಿಸಿದಳು. ಒಂದು ಹನಿಯೂ ಸೋರಲಿಲ್ಲ. ತೊಡೆದೇವು ಮಾತ್ರ ಪುಡಿಯಾಗಿ ತಲುಪಿತು. ಕಾಗದಕ್ಕಿಂತ ತೆಳ್ಳಗಿನ ಅದನ್ನು ಹಾಗೆಯೇ ಸಾಗಿಸುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಪುಡಿಯನ್ನೇ ಹಾಲಿಗೆ ಹಾಕಿಕೊಂಡು ತಿಂದೆ.

ವಿಮಾನದಲ್ಲಿ ಕೊಟ್ಟ ಕಸ್ಟಮ್ಸ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಹಣ್ಣು, ಗಿಡ, ಮಾಂಸ, ಆಹಾರ, ಮಣ್ಣು, ಹಕ್ಕಿ, ಬಸವನಹುಳು ಏನಾದರೂ ತಂದಿದ್ದೀರಾ, ಅಥವಾ ಕೃಷಿ ಭೂಮಿಯಲ್ಲಿ ಇದ್ದು ಬಂದಿದ್ದೀರಾ ಎಂದು. ಹೊರಡುವ ಹಿಂದಿನ ದಿನವೂ ನಾನು ತೋಟಕ್ಕಿಳಿದಿದ್ದೆ, ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಯುತ್ತಿದ್ದವರಿಗೆ ಚಹಾ ಕೊಡಲು. ಹೌದು ಎಂದು ಗುರುತು ಹಾಕಿದೆ. ಕೃಷಿ ಇಲಾಖೆಯ ಇನ್ಸ್‌ಪೆಕ್ಟರ್ ಮೊದಲು ನೋಡಿದ್ದು ನನ್ನ ಬೂಟಿನ ಅಡಿಯನ್ನು. ಅಂಚಿನಲ್ಲಿ ಹತ್ತಿದ್ದ ಕೆಂಪು ಮಣ್ಣನ್ನು ಔಷಧಿ ನೀರಿನಲ್ಲಿ ಬ್ರಶ್‌ನಿಂದ ತಿಕ್ಕಿ ತೊಳೆದು ವಾಪಸು ಕೊಟ್ಟರು. ಅತ್ತಿಗೆ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದ ಕರಿಬೇವಿನ ಕಟ್ಟು ಅಲ್ಲೇ ಬುಟ್ಟಿಗೆ ಹೋಯಿತು. ಹಪ್ಪಳ, ಮುರುಗಲು ಸಿಪ್ಪೆಯನ್ನು ಮುರಿದು ನೋಡಿ ಬಿಟ್ಟರು. ಮಿಡಿಯ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಮುಖ ಗಂಭೀರವಾಯಿತು, ಒಳಗೆ ಕಾಣುತ್ತಿದ್ದದ್ದು ಇಡೀ ಮಾವಿನಕಾಯಿಗಳಲ್ಲವೇ. ಒಂದನ್ನು ತೆಗೆದು ಚಾಕುವಿನಿಂದ ನಡುವೆ ಸೀಳಿದರು. ಓಟೆ ಇನ್ನೂ ಕಟ್ಟದ ಎಳೆಯ ಕಾಯಿ, ಚಾಕು ಎಲ್ಲೂ ತಡೆಯದೆ ಇಳಿಯಿತು. ತಲೆಯಾಡಿಸಿ ಮುಚ್ಚಳ ಹಾಕಿಕೊಟ್ಟರು.

ನಾಲ್ವರು ಹುಡುಗರು ಹಂಚಿಕೊಂಡ ಮನೆಯಲ್ಲಿ ಇಬ್ಬರು ಗುಂಟೂರಿನವರು, ಒಬ್ಬ ಪುಣೆಯವ. ಗೋಂಗೂರ ಪಚ್ಚಡಿ, ಮೆತ್ಕೂಟ್, ಅಪ್ಪೆಮಿಡಿ ಒಂದೇ ಕಪಾಟಿನಲ್ಲಿ ಕೂತವು. ವಾರ ಕಳೆಯುವುದರೊಳಗೆ ನಗರದ ಇಂಡಿಯನ್ ಸ್ಟೋರ್ ಪರಿಚಯವಾಯಿತು. ತೊಗರಿಬೇಳೆ, ಇಂಗು, ಹುಣಸೆಹಣ್ಣು, ಎಂಟಿಆರ್ ಪೊಟ್ಟಣ ಎಲ್ಲವೂ ಅಲ್ಲಿದ್ದವು. ಹಾಗೆ ನೋಡಿದರೆ ಪಟೇಲ್ ಬ್ರದರ್ಸ್ ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಅಂಗಡಿ ತೆರೆದದ್ದು 1974ರಲ್ಲೇ. ಗುಂಟೂರಿನವರು ಹೊತ್ತು ತಂದಿದ್ದ ಬೇಳೆ, ಪುಣೆಯವನ ಪೋಹೆ ಕೊಂಡೇ ತಿನ್ನಬಹುದಾದವು. ಯಾವ ಅಂಗಡಿಯಲ್ಲೂ ಇಲ್ಲದ್ದು ಮನೆಯಲ್ಲಿ ಕೈಯಿಂದ ಮಾಡಿ ಕಾದಿಟ್ಟಂಥವು ಮಾತ್ರ. ಮಿಡಿಗೆ ಪಡಿತರ ಶುರುವಾಯಿತು, ಮೊಸರನ್ನಕ್ಕೆ ತಲಾ ಅರ್ಧ. ಗುಂಟೂರಿನ ಹುಡುಗರಿಗೆ ಖಾರ ಸಾಲಲಿಲ್ಲ, ಆದರೂ ತಮ್ಮ ಪಾಲನ್ನು ಅವರು ಒಮ್ಮೆಯೂ ಬಿಟ್ಟುಕೊಡಲಿಲ್ಲ.

ನವೆಂಬರ್‌ನಲ್ಲಿ ಹಿಮ ಬಿತ್ತು. ಮಿಷಿಗನ್ನಿನ ಚಳಿಗಾಲ ನಾಲ್ಕು ತಿಂಗಳು ಸುಲಭವಾಗಿ ಎಳೆಯುತ್ತದೆ. ಸಂಜೆ ಐದಕ್ಕೆ ಕತ್ತಲೆ, ಕಾರಿಲ್ಲದವನಿಗೆ ಅಂಗಡಿಗೆ ಹೋಗುವುದೇ ಒಂದು ಯಾತ್ರೆ, ಕಿಟಕಿಯಾಚೆ ದಿನಗಟ್ಟಲೆ ಬೂದು ಆಕಾಶ. ಆ ದಿನಗಳಲ್ಲಿ ನನಗೆ ಊರು ಬಿಟ್ಟು ಬಂದ ಭಾವಕ್ಕಿಂತ ಹೆಚ್ಚಾಗಿ ಇದು ಗೊತ್ತಿರುವ ಸಂಗತಿಯೇ ಅನ್ನಿಸುತ್ತಿತ್ತು. ಮಳೆ ಹಿಡಿದ ಜುಲೈಯಲ್ಲೂ ನಾವು ಹೀಗೆಯೇ ಒಳಗೆ ಕೂತಿರುತ್ತಿದ್ದೆವು. ಕೆಂಡವಿಲ್ಲದ್ದಕ್ಕೆ ಎಲೆಕ್ಟ್ರಿಕ್ ಒಲೆಯ ಸುರುಳಿಯ ಮೇಲೆ ಹಪ್ಪಳ ಸುಟ್ಟೆ. ಮನೆಯ ಹೊಗೆ ಅಲಾರಂ ಕಿರುಚಿತು, ಕೆಳಗಿನ ಮಹಡಿಯಿಂದ ಮನೆ ಒಡತಿ ಮೇಲೆ ಬಂದರು.

ಅವರು ಎಪ್ಪತ್ತು ದಾಟಿದ ಹೆಂಗಸು, ಅವರ ತಾಯಿತಂದೆ ಪೋಲೆಂಡಿನಿಂದ ಬಂದವರು. ಬೈಯಲು ಬಂದವರು ಹಪ್ಪಳದ ತುಂಡು ಬಾಯಿಗೆ ಹಾಕಿಕೊಂಡು, ಬಾ ಎಂದು ತಮ್ಮ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಮರದ ಹಲಗೆ, ಅದರ ಮೇಲೆ ಮೇಸನ್ ಜಾರ್‌ಗಳ ಸಾಲು. ಜಾನ್ ಮೇಸನ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದ, ತಿರುಗಣೆ ಮುಚ್ಚಳದ ಗಾಜಿನ ಭರಣಿ ಅದು. ಸೌತೆಕಾಯಿ, ಬೀಟ್‌ರೂಟ್, ಮಿಷಿಗನ್ನಿನ ಹುಳಿ ಚೆರ್ರಿ, ಮೂಲೆಯ ಮಣ್ಣಿನ ಭರಣಿಯಲ್ಲಿ ಉಪ್ಪಿಗೆ ಹಾಕಿ ಹುಳಿ ಬರಿಸಿದ ಕೋಸು. ಎಲ್ಲದರ ಮೇಲೂ ಇಸವಿ ಬರೆದ ಚೀಟಿ. ಕೋಸಿನ ಮೇಲೆ ಕಲ್ಲು ಹೇರಿ, ಉಪ್ಪುನೀರಿನಿಂದ ಮೇಲೆ ಏಳದಂತೆ ಅದುಮಿಟ್ಟಿದ್ದರು. ಮಿಡಿಯ ಭರಣಿಯಲ್ಲೂ ಆಯಿ ಮಾಡುವುದು ಅದನ್ನೇ. ಮರುದಿನ ನಾನು ಉಪ್ಪುನೀರಿನ ಮಿಡಿ ಕಿವುಚಿ, ನೀರು ಬೆರೆಸಿ, ಇಂಗು ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟು ಅಪ್ಪೆಹುಳಿ ಮಾಡಿ ಒಂದು ಲೋಟ ಅವರಿಗೆ ಒಯ್ದೆ. ಕುಡಿದು, ಕೋಸಿನ ಹುಳಿನೀರನ್ನು ತಮ್ಮ ತಾಯಿಯೂ ಹೀಗೆಯೇ ಕುಡಿಸುತ್ತಿದ್ದರು ಎಂದರು. ಆಮೇಲೆ ಚಳಿಗಾಲ ಕಳೆಯುವವರೆಗೂ ಅವರ ಜಾರ್‌ಗಳು ಮೇಲೆ ಬಂದವು, ನನ್ನ ಮಿಡಿಗಳು ಕೆಳಗೆ ಇಳಿದವು.

ನನಗೆ ಅಲ್ಲಿ ಹೊಳೆದದ್ದು ಇಷ್ಟು. ದೂರ ಪ್ರಯಾಣಕ್ಕೆಂದು ನಾವು ಹೊಸದಾಗಿ ಏನನ್ನೂ ಮಾಡುವುದಿಲ್ಲ. ಪೇಟೆ ಸಿಗದ ದಿನಗಳಿಗಾಗಿ ಮೊದಲೇ ಮಾಡಿಟ್ಟದ್ದನ್ನು ಪೆಟ್ಟಿಗೆಗೆ ಹಾಕುತ್ತೇವೆ. ಮಲೆನಾಡಿಗೆ ಮಳೆಗಾಲ ಹೇಗೋ ಬಯಲುಸೀಮೆಗೆ ಬರಗಾಲ ಹಾಗೆ. ಖಡಕ್ ರೊಟ್ಟಿ, ಹುರಿಹಿಟ್ಟು, ಸಂಡಿಗೆ ಎಲ್ಲವೂ ಯಾವುದೋ ಒಂದು ಕೊರತೆಯ ಕಾಲವನ್ನು ದಾಟಲು ಹುಟ್ಟಿದವು. ಹಾಗಾಗಿಯೇ ಅವು ಸಮುದ್ರವನ್ನೂ ದಾಟುತ್ತವೆ.

ಗಡಿಯ ಕಾನೂನು ಕೂಡ ಹೆಚ್ಚುಕಡಿಮೆ ನಮ್ಮ ಉಗ್ರಾಣದ ಕಾನೂನೇ. ಮೊಳೆಯಬಲ್ಲದ್ದು, ಹುಳ ಹಿಡಿಯಬಲ್ಲದ್ದು, ಕೊಳೆಯಬಲ್ಲದ್ದು ಹೊರಗೆ. ಒಣಗಿದ್ದು, ಹುರಿದದ್ದು, ಉಪ್ಪು ಹಿಡಿದದ್ದು ಬಹುಪಾಲು ಒಳಗೆ. ಕರಿಬೇವಿನ ಮೇಲೆ ಅಮೆರಿಕದವರಿಗೆ ಯಾಕಿಷ್ಟು ಸಿಟ್ಟು ಎಂದು ಹಲವರು ಕೇಳುತ್ತಾರೆ. ಕರಿಬೇವು ಕಿತ್ತಳೆ, ನಿಂಬೆಯ ಕುಟುಂಬದ ಗಿಡ. ಏಷ್ಯಾದ ಒಂದು ಸಣ್ಣ ಜಿಗಿಹುಳಕ್ಕೆ ಅದು ಅಚ್ಚುಮೆಚ್ಚು. ಕಿತ್ತಳೆ ಗಿಡವನ್ನು ಕೊಲ್ಲುವ ರೋಗವನ್ನು ಆ ಹುಳ ಹರಡುತ್ತದೆ. ಫ್ಲಾರಿಡಾದಲ್ಲಿ ಹುಳ ಕಾಣಿಸಿದ್ದು 1998ರಲ್ಲಿ, ರೋಗ ಕಾಣಿಸಿದ್ದು 2005ರಲ್ಲಿ. ಚಂಡಮಾರುತಗಳ ಹೊಡೆತವೂ ಸೇರಿ, ಅಲ್ಲಿಂದ ಎರಡು ದಶಕದೊಳಗೆ ಆ ರಾಜ್ಯದ ಕಿತ್ತಳೆ ಬೆಳೆ ಹಿಂದಿನದರ ಹತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿದಿದೆ. ಅಡಿಕೆ ತೋಟದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆ ರೋಗ ಬಂದ ವರ್ಷ ಉದುರಿದ ಕಾಯಿ ಹೆಕ್ಕುತ್ತಾ ಅಪ್ಪ ಮೌನವಾಗುತ್ತಿದ್ದುದನ್ನು ಕಂಡವನು ನಾನು. 1910ರಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆ ರೋಗದ ಬಗ್ಗೆ ಬರೆದು ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸದಿದ್ದರೆ ನಮ್ಮ ಕಡೆಯ ಎಷ್ಟು ತೋಟಗಳು ಉಳಿಯುತ್ತಿದ್ದವೋ. ಬೂಟು ತೊಳೆಸಿಕೊಂಡದ್ದರಲ್ಲಿ ನನಗೆ ಅವಮಾನವೆನಿಸಲಿಲ್ಲ.

ಅಕ್ಕಿಯದ್ದೂ ಇದೇ ಕತೆ. ಭಾರತದಿಂದ ಚೀಲದಲ್ಲಿ ಹೊತ್ತು ತರುವ ಅಕ್ಕಿಗೆ ಅಮೆರಿಕದಲ್ಲಿ 2011ರಿಂದ ತಡೆ. ಖಪ್ರಾ ಎಂಬ ನಮ್ಮ ಉಪಖಂಡದ ದುಂಬಿ ಅದಕ್ಕೆ ಕಾರಣ. ಅದರ ಮರಿಹುಳ ಚೀಲದ ಹೊಲಿಗೆಯ ಸಂದಿಯಲ್ಲಿ ಅಡಗಿ ಆಹಾರವಿಲ್ಲದೆಯೇ ಬಹುಕಾಲ ಬದುಕುತ್ತದೆ. ಭಾರತದ ಮಾವಿನಹಣ್ಣಂತೂ 1989ರಿಂದ ಹದಿನೆಂಟು ವರ್ಷ ಆ ದೇಶದೊಳಗೆ ಕಾಲಿಡಲಿಲ್ಲ. ವಿಕಿರಣದಿಂದ ಸಂಸ್ಕರಿಸಿದ ಹಣ್ಣು ಮೊದಲು ಅಲ್ಲಿಗೆ ತಲುಪಿದ್ದು 2007ರ ಏಪ್ರಿಲ್‌ನಲ್ಲಿ. ರಾಜತಾಂತ್ರಿಕರು ಹಣ್ಣಿಗಾಗಿ ಮಾತುಕತೆ ನಡೆಸುತ್ತಿದ್ದ ಅಷ್ಟೂ ಕಾಲ ಸಿದ್ದಾಪುರ, ಸಾಗರ, ಸಿರ್ಸಿಯ ಮಿಡಿಗಳು ಉಪ್ಪಿನಲ್ಲಿ ಮುಳುಗಿ, ಚಾಕುವಿನ ಪರೀಕ್ಷೆ ಗೆದ್ದು, ಸದ್ದಿಲ್ಲದೆ ಗಡಿ ದಾಟುತ್ತಿದ್ದವು.

ದೇಶಕ್ಕೊಂದು ನಿಯಮ. ಗಲ್ಫ್‌ಗೆ ಹೊರಟವರು ಗಸಗಸೆಯನ್ನು ಮನೆಯಲ್ಲೇ ಬಿಡಬೇಕು. ನಮಗೆ ಪಾಯಸದ ಸಾಮಾನಾದ ಅದು ಯುಎಇ, ಸೌದಿ, ಸಿಂಗಪುರಗಳಲ್ಲಿ ಮಾದಕವಸ್ತುವಿನ ಲೆಕ್ಕಕ್ಕೆ ಸೇರುತ್ತದೆ. ತಿಳಿಯದೆ ಒಯ್ದವರು ಜೈಲು ಕಂಡದ್ದುಂಟು. ತಿಪಟೂರಿನ ಒಣ ಕೊಬ್ಬರಿ ಎಷ್ಟೇ ಸೊಗಸಿರಲಿ, ವಿಮಾನಕ್ಕೆ ಹೇಳಿದ್ದಲ್ಲ. ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲೇ ಅದರ ಹೆಸರಿದೆ. ಯುರೋಪಿನ ಒಕ್ಕೂಟಕ್ಕೆ ಹಾಲಿನಿಂದ ಮಾಡಿದ್ದು ಬೇಡ, ಹಾಗಾಗಿ ಧಾರವಾಡ ಪೇಡೆಗೂ ತುಪ್ಪಕ್ಕೂ ಪ್ರವೇಶವಿಲ್ಲ. 2019ರ ಡಿಸೆಂಬರ್‌ನಿಂದ ತಾಜಾ ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಅನಾನಸು, ತೆಂಗಿನಕಾಯಿ, ದುರಿಯಾನ್, ಬಾಳೆ, ಖರ್ಜೂರ ಈ ಐದಕ್ಕೆ ಮಾತ್ರ. ಜರ್ಮನಿಗೆ ಓದಲು ಹೊರಟ ಅಣ್ಣನ ಮಗಳಿಗೆ ಈ ಪಟ್ಟಿ ಓದಿ ಹೇಳಿದೆ. “ತೆಂಗಿನಕಾಯಿ ಇದ್ದಲ, ಚಿಕ್ಕಪ್ಪ, ಸಾಕು” ಎಂದಳು. ಮಲೆನಾಡಿನ ಮಗುವಿನ ಉತ್ತರ.

ಅವಳ ಕಾಲ ಬೇರೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಸಿಕ್ಕಿದೆ, ರಿಪ್ಪನ್‌ಪೇಟೆಯ ಮಿಡಿ ಸಂತೆಗೆ ದೂರದೂರದಿಂದ ಜನ ಬರುತ್ತಾರೆ, ಫೋನಿನಲ್ಲಿ ಒತ್ತಿದರೆ ಬರ್ಲಿನ್‌ಗೂ ಉಪ್ಪಿನಕಾಯಿ ಬರುತ್ತದೆ. ಆದರೆ ಹೊಳೆದಂಡೆಯ ಮರಗಳು ಕಡಿಮೆಯಾಗಿವೆ. ಹತ್ತಿ ಕೊಯ್ಯುವ ಬದಲು ಟೊಂಗೆಯನ್ನೇ ಕಡಿದು ಕೆಡಹುವವರಿಂದ ಎಷ್ಟೋ ಹಳೆಯ ಮರ ಹೋದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ನಮ್ಮ ಕಡೆಯ ಕೆಲವು ರೈತರೂ ತಳಿ ಉಳಿಸುವ ಕೆಲಸ ಮಾಡುತ್ತಿದ್ದಾರೆ. ಮರ ಉಳಿದೀತು. ಸೊನೆ ಮೂಸಿ ಮರ ಹೇಳುವವರು, ಕುದಿಯುವ ಬೆಲ್ಲವನ್ನು ಕಣ್ಣಳತೆಯಲ್ಲೇ ಇಳಿಸುವವರು ಮನೆಮನೆಯಲ್ಲೂ ಕಡಿಮೆಯಾಗುತ್ತಿದ್ದಾರೆ. ಆಯಿಗೆ ಈಗ ಭರಣಿ ಎತ್ತಲಾಗುವುದಿಲ್ಲ. ಕುರ್ಚಿಯಲ್ಲಿ ಕೂತು ಹೇಳುತ್ತಾಳೆ, ಅತ್ತಿಗೆ ಮಾಡುತ್ತಾರೆ.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವವರಿಗೆ ನನ್ನದೊಂದು ಮಾತು. ಅಂಗಡಿಯಲ್ಲಿ ಸಿಗುವ ಬೇಳೆ, ಪುಡಿಗಳಿಗೆ ಕಿಲೋಗಟ್ಟಲೆ ಜಾಗ ಕೊಡಬೇಡಿ, ಅಲ್ಲಿ ಎಲ್ಲವೂ ಸಿಗುತ್ತವೆ. ನಿಮ್ಮ ಮನೆಯ ಉಗ್ರಾಣದಲ್ಲಿ ಮಾತ್ರ ಇರುವುದನ್ನು ಕಳಿಸಿ. ಹೊರಡುವ ವರ್ಷ ಬೇಸಿಗೆಯಲ್ಲಿ ಒಂದು ದಿನವಾದರೂ ಅವರನ್ನು ಹಪ್ಪಳದ ಚಾಪೆಯ ಬಳಿ ಕೂರಿಸಿ ಒತ್ತಿಸಿ, ಭರಣಿಗೆ ಉಪ್ಪು ಹಾಕಿಸಿ. ಹೋಗುವ ದೇಶದ ನಿಯಮವನ್ನು ಮೊದಲೇ ಓದಿಕೊಳ್ಳಿ. ಆಹಾರ ತಂದಿದ್ದೀರಾ ಎಂದು ಫಾರ್ಮಿನಲ್ಲಿ ಕೇಳಿದರೆ ಹೌದು ಎಂದೇ ಬರೆಯಲು ಹೇಳಿ. ಹೇಳಿಕೊಂಡ ತಿಂಡಿಯನ್ನು ಅಮೆರಿಕದಲ್ಲಿ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಬಚ್ಚಿಟ್ಟ ತಿಂಡಿಗೆ 10,000 ಡಾಲರ್‌ವರೆಗೆ ದಂಡ ಹಾಕಬಹುದು.